ನೆಲಮಾಳಿಗೆಯ ಸಮುದ್ರ

ಮತ್ಸ್ಯಾಲಯಕ್ಕೆ ಬಂದವರೆಲ್ಲ ಗಾಜಿಗೆ ಮೂಗು ಒತ್ತಿ ಮೀನು ನೋಡಿ ಹೋಗುತ್ತಾರೆ. ಆ ಮೀನು ಈಜುವ ನೀರು ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಸಮುದ್ರ ಅಲ್ಲಿಂದ ಒಂದು ಹಗಲಿನ ಹಾದಿ. ಅದಕ್ಕೇ ನೆಲಮಾಳಿಗೆಯಲ್ಲಿ ಒಬ್ಬ ಹೆಂಗಸು ದಿನವೂ ಒಂದಿಷ್ಟು ಸಮುದ್ರ ಮಾಡುತ್ತಿದ್ದಳು. ಜೊತೆಯವರೆಲ್ಲ ಅವಳನ್ನು ಉಪ್ಪಕ್ಕ ಎನ್ನುತ್ತಿದ್ದರು.

ಇಲ್ಲಿಗೆ ಬರುವ ಮೊದಲು ಹನ್ನೊಂದು ವರ್ಷ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ನಳಿಗೆ ತೊಳೆದವಳು. ಒಂದೂ ಒಡೆದಿರಲಿಲ್ಲ. ಕೈ ಗಟ್ಟಿ, ಮನಸ್ಸು ಮಾತ್ರ ಪುಕ್ಕಲು. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದ ಮೇಲೆ, ಹಾಕಿದೆನೋ ಇಲ್ಲವೋ ಅಂತ ವಾಪಸು ಬಂದು ಜಗ್ಗಿ ನೋಡುವಳು. "ನಿನ್ನ ಪ್ರಾಣ ಎದೆಯಲ್ಲಿಲ್ಲ ಪುಟ್ಟಿ, ಬೀಗದಲ್ಲಿದೆ" ಅಂತ ಅಕ್ಕ ನಗುತ್ತಿದ್ದಳು. ನಲವತ್ತಾರಕ್ಕೆ ಬಂದರೂ ಅಕ್ಕನಿಗೆ ಅವಳು ಪುಟ್ಟಿಯೇ.

ಅಂಥವಳಿಗೆ ಸಿಕ್ಕ ಕೆಲಸ ಮರೆವನ್ನು ಕ್ಷಮಿಸುವಂಥದ್ದಲ್ಲ. ಬೆಳಿಗ್ಗೆ ದೊಡ್ಡ ತೊಟ್ಟಿಯ ನೀರಿಗೆ ಉಪ್ಪಿನ ಚೀಲ ಸುರಿದು ಪಂಪು ಹಚ್ಚಬೇಕು. ಉಪ್ಪು ಕರಗಿದ ಮೇಲೆ, ಗೋಡೆಯ ಕೆಂಪು ಗೆರೆ ಮುಟ್ಟುವವರೆಗೆ ನಲ್ಲಿಯ ನೀರು ಬಿಡಬೇಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಮನುಷ್ಯರ ಹೊಟ್ಟೆಗೆ ಅದು ಒಳ್ಳೆಯದು, ಮೀನಿನ ಕಿವಿರಿಗೆ ಬೆಂಕಿ. ಅದನ್ನು ಕೊಲ್ಲಲು ಒಂದು ಮಗ್ ಬಿಳಿ ಪುಡಿ ಹಾಕಬೇಕು. ಆಮೇಲೆ ಒಂದಿಷ್ಟು ನೀರನ್ನು ನಳಿಗೆಯಲ್ಲಿ ಹಿಡಿದು ಔಷಧಿಯ ಹನಿ ಬಿಟ್ಟು ನೋಡಬೇಕು. ಹಳದಿಯಾದರೆ ಕ್ಲೋರಿನ್ ಇನ್ನೂ ಇದೆ ಅಂತ. ತಿಳಿಯಾಗೇ ಇದ್ದರೆ ಮಾತ್ರ ವಾಲ್ವ್ ತಿರುಗಿಸಿ ನೀರನ್ನು ಮೇಲಕ್ಕೆ ಕಳಿಸಬೇಕು.

ಪುಡಿ ಹಾಕಿದೆನೋ ಇಲ್ಲವೋ ಎಂಬ ಸಂಶಯಕ್ಕೆ ಅವಳೇ ಒಂದು ಗುರುತು ಮಾಡಿಕೊಂಡಿದ್ದಳು. ಪುಡಿಯ ಡಬ್ಬದ ಮುಚ್ಚಳದ ಮೇಲೆ ಮಗ್ ಬಾಯಿ ಮೇಲಾಗಿದ್ದರೆ ಇನ್ನೂ ಹಾಕಿಲ್ಲ. ಬೋರಲಾಗಿದ್ದರೆ ಹಾಕಿ ಆಯಿತು. ನಾಲ್ಕು ವರ್ಷ ಆ ಮಗ್ ಒಂದು ಸಲವೂ ಸುಳ್ಳು ಹೇಳಿರಲಿಲ್ಲ.

ಆ ದಿನ ಅಕ್ಕ, ಭಾವ ಬಂದಿದ್ದರು. ಗಾಜಿನ ಹಿಂದಿನ ಜಾಗವನ್ನೂ ತೋರಿಸುವ ಪ್ರವಾಸಕ್ಕೆ ಟಿಕೆಟ್ ಕೊಡಿಸಿದವಳು ಉಪ್ಪಕ್ಕನೇ. ಗೈಡ್ ಹೆಂಗಸು ಅವರಿಗೆ ಆಹಾರ ಕತ್ತರಿಸುವ ಕೋಣೆ, ಶೀತಲ ಪೆಟ್ಟಿಗೆ, ರೋಗಿ ಮೀನುಗಳ ಕೋಣೆ ಎಲ್ಲ ತೋರಿಸಿ, ಮೂರು ಗಂಟೆಗೆ ನೆಲಮಾಳಿಗೆಗೆ ಕರೆತಂದಳು. ನೀರು ಇನ್ನೂ ಗೆರೆ ಮುಟ್ಟಿರಲಿಲ್ಲ. ಮಗ್ ಬಾಯಿ ಮೇಲಾಗಿ ಕೂತಿತ್ತು.

"ಅಬ್ಬಾ! ಸಮುದ್ರ ಮಾಡೋದು ದೇವರ ಕೆಲಸ ಅಂದ್ಕೊಂಡಿದ್ದೆ. ನಮ್ಮ ನಾದಿನಿ ಅದನ್ನೂ ಕಿತ್ಕೊಂಡಿದ್ದಾಳೆ" ಅಂದರು ಭಾವ.

"ದೇವರಿಗೆ ಸಂಬಳ ಇಲ್ಲ ಭಾವ, ನನಗಿದೆ" ಅಂದಳು ಉಪ್ಪಕ್ಕ. ಅವಳಿಗೆ ಖುಷಿಯಾಗಿತ್ತು. ನಾಲ್ಕು ವರ್ಷದಲ್ಲಿ ಅವಳ ಕೆಲಸ ನೋಡಲು ಅಂತ ಯಾರೂ ಬಂದಿರಲಿಲ್ಲ. ಭಾವನಿಗೆ ಪಂಪು, ಕೊಳವೆ ತೋರಿಸುತ್ತಾ ಆ ತುದಿಯವರೆಗೂ ಹೋದಳು. ಅಕ್ಕ ಹಿಂದೆಯೇ ಉಳಿದಳು. ಪಂಪಿನ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ.

"ಈ ನೀರು ತೊರಕೆ ಮೀನಿನ ತೊಟ್ಟಿಗೆ ಬೀಳೋದನ್ನ ಮೇಲಿಂದ ನೋಡಬಹುದು ಭಾವ. ನೀವು ಹೋಗಿರಿ, ವಾಲ್ವ್ ತೆಗೆದು ಬಂದೆ" ಅಂದಳು.

"ಬೇಗ ಬಾರೇ ಪುಟ್ಟಿ. ಐದಕ್ಕೆ ಬಸ್ಸು" ಅಂದಳು ಅಕ್ಕ.

ಅವರು ಹತ್ತಿ ಹೋಗುವಷ್ಟರಲ್ಲಿ ನೀರು ಗೆರೆ ಮುಟ್ಟಿತ್ತು. ನಲ್ಲಿ ನಿಲ್ಲಿಸಿ ತಿರುಗಿದಳು. ಮಗ್ ಬೋರಲಾಗಿತ್ತು. ಹಾಗಾದರೆ ಪುಡಿ ಹಾಕಿದ್ದೇನೆ. ಯಾವಾಗ? ಪುಡಿ ಸುರಿಯುವ ತನ್ನ ಕೈ ಕಣ್ಣಿಗೆ ಕಟ್ಟಿತು, ಆದರೆ ಅದು ಇವತ್ತಿನ ಕೈಯೋ ನಿನ್ನೆಯದೋ? ದಿನವೂ ಮಾಡುವ ಕೆಲಸಕ್ಕೆ ತಾರೀಖು ಅಂಟಿರುವುದಿಲ್ಲ. ಹನಿ ಬಿಟ್ಟು ನೋಡಿದ್ದರೆ ಮೂರು ನಿಮಿಷ. ಮೇಲೆ ಅಕ್ಕ ಕಾಯುತ್ತಿದ್ದಳು. ಎಷ್ಟು ದಿನ ಅಂತ ಬೀಗ ಜಗ್ಗುವುದು ಅಂದುಕೊಂಡು, ಹನಿ ಬಿಡದೆ, ವಾಲ್ವ್ ತಿರುಗಿಸಿದಳು.

ನೀರು ಮೇಲಕ್ಕೆ ಹೋಗುತ್ತಿತ್ತು, ಹರಿವು ಹದಕ್ಕೆ ಬರುವವರೆಗೆ ಬಿಟ್ಟು ಹೋಗುವಂತಿರಲಿಲ್ಲ. ಅವಳು ನೆಲ ಒರೆಸಿ, ಖಾಲಿ ಚೀಲ ಮಡಚಿ, ಕೊನೆಗೆ ಮಗ್ಗನ್ನು ಡಬ್ಬದೊಳಗಿಡಲು ಎತ್ತಿಕೊಂಡಳು. ಬೆರಳಿಗೆ ತಣ್ಣಗೆ ತಾಕಿತು.

ಆ ಮಗ್ಗಿಗೆ ಅವಳು ಎಂದೂ ನೀರು ಮುಟ್ಟಿಸಿದವಳಲ್ಲ. ಮುಟ್ಟಿಸಿದರೆ ಪುಡಿ ಗಂಟುಕಟ್ಟುತ್ತದೆ. ಈಗ ಅದು ಅಡುಗೆಮನೆಯ ಲೋಟದ ಹಾಗೆ ಬೆಳಗಿತ್ತು. ಯಾರ ಮನೆಗೆ ಹೋದರೂ ಕೈ ಕಟ್ಟಿ ಕೂರಲಾರದೆ ಎಂಜಲು ಲೋಟ ತೊಳೆದು ಬೋರಲು ಹಾಕುವ ಅಕ್ಕ, ಧೂಳು ಹಿಡಿದ ಮಗ್ಗನ್ನು ನೋಡಿ ಸುಮ್ಮನಿರುತ್ತಾಳೆಯೇ?

ನಳಿಗೆಯಲ್ಲಿ ನೀರು ಹಿಡಿದು ಹನಿ ಬಿಟ್ಟಳು. ಹಳದಿ.

ವಾಲ್ವ್ ಮುಚ್ಚುವಾಗ ಗಡಿಯಾರ ನೋಡಿದಳು. ಹನ್ನೆರಡು ನಿಮಿಷ ಹರಿದಿತ್ತು. ಪುಡಿಯ ಡಬ್ಬವನ್ನೇ ಬಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದಳು. ಹತ್ತುತ್ತಲೇ ಮೀನಿನ ಡಾಕ್ಟರಿಗೆ ಫೋನು ಮಾಡಿದಳು. ಏನು ಹೇಳಿದಳೋ ಅವಳಿಗೇ ತಿಳಿಯದು.

ತೊರಕೆ ತೊಟ್ಟಿಯಲ್ಲಿ ಐದು ಮೀನು. ಹಾಸಿದ ಕಂಬಳಿಯಂತೆ ಚಪ್ಪಟೆ ಮೈ, ಹಗ್ಗದಂಥ ಬಾಲ. ಎಲ್ಲಕ್ಕಿಂತ ಹಳೆಯದನ್ನು ಅಜ್ಜಿ ಎನ್ನುತ್ತಿದ್ದರು. ಬೇರೆ ದಿನ ತೊಟ್ಟಿಯ ಅಂಚಿಗೆ ಬಂದು ರೆಕ್ಕೆ ಎತ್ತುತ್ತಿದ್ದ ಅಜ್ಜಿ ಈಗ ನೀರು ಬೀಳುವ ಕೊಳವೆಯಿಂದ ದೂರ, ಎದುರು ಮೂಲೆಗೆ ಅಂಟಿಕೊಂಡಿತ್ತು. ಉಳಿದ ನಾಲ್ಕೂ ಅದರ ಪಕ್ಕದಲ್ಲೇ.

"ನೋಡೇ, ನಿನ್ನ ನೀರಿಗೆ ಹೆದರ್ಕೊಂಡು ಕೂತಿವೆ" ಅಂದರು ಭಾವ.

ಅವಳು ನೇರ ಅಜ್ಜಿಯ ಮೂಲೆಗೆ ಓಡಿದಳು. ಡಾಕ್ಟರು ಬಂದು, ಎಷ್ಟು ಪುಡಿ ಎಂದು ಲೆಕ್ಕ ಹಾಕಿ, ನಾಲ್ಕೂ ಕಡೆಯಿಂದ ತೊಟ್ಟಿಗೇ ಹಾಕಿಸಿದರು. ಗಾಳಿಯ ಕೊಳವೆಗಳನ್ನೆಲ್ಲ ತೆರೆಸಿದರು. ಆಮೇಲೆ ಕೇಳಿದರು.

"ಹೇಗಾಯ್ತು?"

"ಪುಡಿ ಹಾಕಿರಲಿಲ್ಲ ಡಾಕ್ಟ್ರೇ. ಹನಿ ಬಿಟ್ಟೂ ನೋಡಲಿಲ್ಲ."

"ನೀವಾ? ನೋಡಲಿಲ್ವಾ?"

"ನೋಡಲಿಲ್ಲ."

ಡಾಕ್ಟರು ಅಜ್ಜಿಯ ಕಡೆ ಬೆರಳು ಮಾಡಿದರು. "ಕಣ್ಣಿನ ಹಿಂದಿನ ಉಸಿರುಗಂಡಿ ನಿಮಿಷಕ್ಕೆ ಎಷ್ಟು ಸಲ ತೆರೀತದೆ, ಎಣಿಸ್ತಾ ಇರಿ. ಮಾಮೂಲಿ ನಲವತ್ತು. ಸಂಜೆ ಆರರೊಳಗೆ ಐವತ್ತಕ್ಕೆ ಇಳಿದ್ರೆ ಬಚಾವು. ಇಳೀದಿದ್ರೆ ಬೇರೆ ತೊಟ್ಟಿಗೆ ಎತ್ತಬೇಕು. ಎತ್ತೋದನ್ನ ಅಜ್ಜಿ ತಡ್ಕೊಳ್ಳಲ್ಲ. ನಿಮ್ಮ ಕೆಲಸದ ವಿಷಯ ನಾಳೆ ಮೇಲಿನವರು ಹೇಳ್ತಾರೆ. ಬರೆದು ಕೊಡಬೇಕಾಗತ್ತೆ."

ಅಜ್ಜಿಯ ಮೊದಲ ಎಣಿಕೆ ಎಪ್ಪತ್ತನಾಲ್ಕು.

"ಇವಳಿಗೆ ಮರೆವು ಮೊದಲಿಂದಲೂ ಇದ್ದದ್ದೇ" ಅಂದರು ಭಾವ, ಡಾಕ್ಟರಿಗೆ ಸಮಾಧಾನ ಹೇಳುವವರಂತೆ.

ಅಕ್ಕ ಅವಳ ಬಗಲಿನ ಡಬ್ಬವನ್ನೇ ನೋಡುತ್ತಿದ್ದಳು. "ಪುಟ್ಟಿ, ಆ ಡಬ್ಬದ ಮೇಲಿದ್ದ ಮಗ್ಗು..." ಅಂದಳು. ತಂಗಿಯ ಮುಖ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು. "ರೀ, ಸುಮ್ನಿರಿ. ಅವಳೇನೂ ಮರೆತಿಲ್ಲ. ಆ ಮಗ್ಗು ತೊಳೆದು ಬೋರಲಿಟ್ಟಿದ್ದು ನಾನು. ಡಾಕ್ಟ್ರೇ, ಅದನ್ನೂ ಬರ್ಕೊಳ್ಳಿ."

"ಬರೆಯೋದು ಬೇಡ. ಹನಿ ಬಿಡದೆ ಇದ್ದದ್ದು ನಾನು" ಅಂದಳು ಉಪ್ಪಕ್ಕ, ಕಣ್ಣು ನೀರಿನಿಂದ ಕೀಳದೆ.

ಐದರ ಬಸ್ಸಿಗೆ ಭಾವ ಒಬ್ಬರೇ ಹೋದರು. ಅಕ್ಕ ತಂಗಿ ತೊಟ್ಟಿಯ ಅಂಚಿನ ಒದ್ದೆ ಹಲಗೆಯ ಮೇಲೆ ಕೂತರು. ಅಕ್ಕ ಗಡಿಯಾರ ನೋಡಿ "ಹೂಂ" ಅನ್ನುವಳು, ತಂಗಿ ಎಣಿಸುವಳು, ಮತ್ತೆ "ಹೂಂ" ಅಂದಾಗ ನಿಲ್ಲಿಸುವಳು. ಅರವತ್ತೆಂಟು. ಅರವತ್ತೊಂದು. ಮತ್ತೆ ಅರವತ್ತಾರು, ಅಕ್ಕನಿಗೆ ಅಳು ಬಂತು. "ಅತ್ರೆ ಗಡಿಯಾರ ಕಾಣಲ್ಲ ಅಕ್ಕ" ಅಂದಳು ತಂಗಿ. ಐವತ್ತೇಳು. ಕೆಳಗೆ ಬಾಗಿಲು ಮುಚ್ಚುವ ಗಂಟೆ ಹೊಡೆಯಿತು, ಕೊನೆಯ ಮಕ್ಕಳ ಸದ್ದು ದೂರವಾಯಿತು. ಐವತ್ಮೂರು.

ಆರಕ್ಕೆ ಐದು ನಿಮಿಷವಿರುವಾಗ ಡಾಕ್ಟರು ಬಂದು ತಾವೇ ಬಗ್ಗಿ ಎಣಿಸಿದರು.

"ನಲವತ್ತೊಂಬತ್ತು. ಎತ್ತೋದು ಬೇಡ. ಇಬ್ಬರೂ ಮನೆಗೆ ಹೋಗಿ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಉಪ್ಪಕ್ಕ ಏಳಲಿಲ್ಲ.

"ಇನ್ನೊಂದು ನಿಮಿಷ ಅಕ್ಕ" ಅಂದಳು. "ಹೂಂ ಅನ್ನು."