ಮನೆಗೂ ಉಸಿರು ಬೇಕು ಎಂದ ದೊಡ್ಡವ್ವ

ದಸರೆ ಮುಗಿದ ಮೇಲೆ ಒಂದಷ್ಟು ದಿನ ದೊಡ್ಡವ್ವನ ಬಲಗೆನ್ನೆಗೆ ಸುಣ್ಣದ ಪುಡಿ ಅಂಟಿಕೊಂಡೇ ಇರುತ್ತಿತ್ತು. ಓಣಿಯ ಒಂದೊಂದು ಮನೆಗೂ ಹೋಗಿ, ಗೋಡೆಗೆ ಕೆನ್ನೆ ಹಚ್ಚಿ, ಕಣ್ಣು ಮುಚ್ಚಿ, ತಣ್ಣನೆ ಗಾಳಿ ಎಲ್ಲಿಂದ ನುಸುಳುತ್ತದೆ ಎಂದು ಹುಡುಕುವಳು. ಸಿಕ್ಕ ಕೂಡಲೇ ಅಲ್ಲಿ ಉಗುರಿನಿಂದ ಗೀರು ಹಾಕಿ, "ನೋಡವ್ವಾ, ಕಳ್ಳ ಇಲ್ಲಿಂದ ಬರ್ತಾನ" ಅನ್ನುವಳು.

ಆಕೆ ನನ್ನ ಸಂಬಂಧಿಯಲ್ಲ. ಸವದತ್ತಿ ಕಡೆಯಿಂದ ಕಲ್ಲು ಒಡೆಯುವ ಕೆಲಸಕ್ಕೆ ಗಂಡನ ಜೊತೆ ಗೋವಾದ ವಾಳಪೈಗೆ ಬಂದವಳು; ಗಂಡ ತೀರಿದ ಮೇಲೂ ಊರಿಗೆ ಹೋಗದೆ ಉಳಿದವಳು. ನಾನು ಮದುವೆಯಾಗಿ ಧಾರವಾಡದಿಂದ ಬಂದು ಅವಳ ಪಕ್ಕದ ಬಾಡಿಗೆ ಮನೆ ಸೇರಿದೆ. ಓಣಿಗೆಲ್ಲ ದೊಡ್ಡವ್ವ, ನನಗೂ ದೊಡ್ಡವ್ವ. ಗೋವಾದಲ್ಲಿ ಎಂಥ ಚಳಿ ಎಂದು ನಮ್ಮೂರಲ್ಲಿ ನಗುತ್ತಾರೆ. ಘಟ್ಟದ ಬುಡದಲ್ಲಿ, ತಗಡಿನ ಸೂರಿನ ಕೆಳಗೆ ಡಿಸೆಂಬರ್ ಕಳೆದವರು ನಗುವುದಿಲ್ಲ.

ಅವಳ ಚಳಿಗಾಲದ ತಯಾರಿಗೆ ಅಂಗಡಿಯಿಂದ ಏನೂ ಬೇಕಿರಲಿಲ್ಲ. ಹಳೆಯ ಪೇಪರನ್ನು ಗಂಜಿಯಲ್ಲಿ ನೆನೆಸಿ, ಕೆಮ್ಮಣ್ಣು ಕಲಸಿ ಬಿರುಕಿಗೆ ಮೆತ್ತುವಳು. ಗೋಣಿಚೀಲಕ್ಕೆ ಭತ್ತದ ಹುಲ್ಲು ತುಂಬಿಸಿ ತಗಡಿನ ಕೆಳಗೆ ಒತ್ತೊತ್ತಾಗಿ ಕಟ್ಟಿಸುವಳು. ಸ್ನಾನದ ನೀರು ಮಸಿ ಬಳಿದ ಡಬ್ಬಿಯಲ್ಲಿ, ಅಂಗಳದ ಬಿಸಿಲಿಗೇ ಕಾಯಬೇಕು. ಬಿಸಿಲು ಬೀಳುವ ಕಿಟಕಿ ತೆಗಿ, ಬಿಸಿಲು ಇಳಿಯುವ ಮೊದಲೇ ಮುಚ್ಚು ಎಂದು ದಿನಾ ಹೇಳಿ ಬೇಸರ ತರಿಸುವಳು. ನಮ್ಮ ಹರಿದ ಸೀರೆಗಳೆಲ್ಲ ಅವಳ ಕೈಯಲ್ಲಿ ಕೌದಿಯಾಗುತ್ತಿದ್ದವು. ನಾನು ಆಸೆಪಟ್ಟು ತಂದ ನುಣುಪು ರಗ್ಗನ್ನು ಮುಟ್ಟಿ ನೋಡಿ, ಫೋಟೋ ತೆಗಸಾಕ ಚಲೋ ಐತಿ ಅಂದಳು.

ಇಷ್ಟೆಲ್ಲ ಮುಚ್ಚುವವಳು, ಸೂರಿನ ಹತ್ತಿರದ ಒಂದು ಕಿಂಡಿಯನ್ನು ಮಾತ್ರ ಯಾವ ಮನೆಯಲ್ಲೂ ಮುಚ್ಚಗೊಡುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ, ಮನೆಗೂ ಉಸಿರು ಬೇಕು ಎನ್ನುವಳು, ಅಷ್ಟೇ.

ನನ್ನ ಮಗಳು ದಿನ ತುಂಬುವ ಮೊದಲೇ, ಚಳಿಯ ನಡುವೆ ಹುಟ್ಟಿದಳು. ಬೆಚ್ಚಗಿಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನನ್ನ ಗಂಡ ಕರೆಂಟಿನ ಹೀಟರ್ ತಂದ. ಹಚ್ಚಿದಾಗಲೆಲ್ಲ ಇಡೀ ಮನೆಯ ದೀಪ ಆರುತ್ತಿತ್ತು. ಕೊನೆಗೊಂದು ಸಂಜೆ ಆತ ಶಿಗಡಿಯಲ್ಲಿ ಇದ್ದಿಲು ಹೊತ್ತಿಸಿ ಕೋಣೆಯೊಳಗಿಟ್ಟು, ಬಾಗಿಲು ಹಾಕಿ, ಆ ಕಿಂಡಿಗೂ ಬಟ್ಟೆ ತುರುಕಿದ. ಬಿಸಿ ಹಿತವಾಗಿತ್ತು. ನನಗೆ ಜೊಂಪು ಹತ್ತುತ್ತಿತ್ತು.

ಕೂಸಿಗೆ ಎಣ್ಣೆ ತಿಕ್ಕಲು ಬಂದ ದೊಡ್ಡವ್ವ ಬಾಗಿಲು ತಳ್ಳಿ ಶಿಗಡಿಯನ್ನೂ ಮುಚ್ಚಿದ ಕಿಂಡಿಯನ್ನೂ ನೋಡಿದಳು. ಕೂಸನ್ನು ಎತ್ತಿ ನನ್ನ ಕೈಗಿಟ್ಟು ನನ್ನನ್ನು ಹೊರಗೆ ನೂಕಿದಳು. ಸೆರಗಿನಲ್ಲೇ ಶಿಗಡಿ ಹಿಡಿದು ಅಂಗಳಕ್ಕೆ ತಂದು ಕೊಡದ ನೀರು ಸುರಿದಳು. ಸೆರಗು ಸುಟ್ಟಿತು, ಅಂಗೈಯಲ್ಲಿ ಬೊಬ್ಬೆ ಎದ್ದವು. ನನ್ನ ಗಂಡನಿಗೆ ಸಿಟ್ಟು ಬಂತು. ನಮ್ಮ ಕೂಸಿನ ಚಿಂತೆ ನಮಗಿಲ್ಲವೇ ಎಂದ.

ದೊಡ್ಡವ್ವ ಕಟ್ಟೆಯ ಮೇಲೆ ಕೂತಳು. "ಇಲ್ಲಿಗೆ ಬಂದ ಮೊದಲನೇ ಥಂಡಿಯೊಳಗ ನಾವೂ ಹಿಂಗ ಕೆಂಡ ಇಟ್ಟು, ಕಿಂಡಿ ಮುಚ್ಚಿ ಮಲಗಿದ್ವಿ, ತಮ್ಮಾ. ಮುಂಜಾನಿ ನಾ ಎದ್ದೆ, ನಮ್ಮ ಮನಿಯವರು ಎದ್ರು. ಕೂಸು ಏಳಲಿಲ್ಲ."

ನನ್ನ ಗಂಡ ಅವಳ ಕೈ ಹಿಡಿದು, ಬೊಬ್ಬೆಗಳ ಮೇಲೆ ತಣ್ಣೀರು ಹಾಕುತ್ತ ಬಹಳ ಹೊತ್ತು ಕೂತಿದ್ದ. ಕತ್ತಲಾಗುವ ಮೊದಲು ತಾನೇ ಏಣಿ ಹತ್ತಿ ಕಿಂಡಿಯ ಬಟ್ಟೆ ಕಿತ್ತ.

ಮಗಳನ್ನು ಎದೆಗೆ ಕಟ್ಟಿಕೊಂಡು ಕೌದಿ ಹೊದ್ದು ಕೂರುವುದನ್ನು ಅವಳೇ ಕಲಿಸಿದಳು. "ನಿನ್ನ ಮೈಯಷ್ಟು ಬೆಚ್ಚಗ ಯಾವ ಕೆಂಡಾನೂ ಇಲ್ಲ, ತಂಗಿ" ಎಂದಳು. ಹಾಗೆಯೇ ಆ ಚಳಿಗಾಲ ದಾಟಿತು. ಶಿವರಾತ್ರಿಯ ಹೊತ್ತಿಗೆ ನನ್ನ ಮಗಳು ಕೆನ್ನೆ ತುಂಬಿಕೊಂಡು ಅವಳ ತೊಡೆಯ ಮೇಲೆ ನಗುತ್ತಿದ್ದಳು.

ಹೋದ ಮಳೆಗಾಲ ದೊಡ್ಡವ್ವ ಜ್ವರ ಬಂದು ತೀರಿಕೊಂಡಳು. ಅವಳ ತಮ್ಮನ ಮಕ್ಕಳು ಊರಿಂದ ಗಾಡಿ ತಂದರು. ಹುಟ್ಟಿದ ಊರಿನ ಮಣ್ಣಿಗೇ ಸೇರಿಸುತ್ತೇವೆ ಎಂದರು. ರಕ್ತಸಂಬಂಧದವರು, ಓಣಿಯ ಜನ ಬೇಡ ಎನ್ನುವುದು ಹೇಗೆ? ನನ್ನ ಗಂಡ ಮುಂದೆ ಹೋಗಿ ಕೈ ಮುಗಿದ.

"ಆಕೀ ಕೂಸು ಇಲ್ಲೇ ಮಣ್ಣಾಗೈತ್ರಿ. ಅದನ್ನ ಬಿಟ್ಟು ಬರಾಕ ಆಗದ ಇಲ್ಲೇ ಉಳದಿದ್ಲು."

ಅವರು ಚಿಕ್ಕ ವಯಸ್ಸಿನವರು, ಆ ಸುದ್ದಿ ಅವರ ತನಕ ಬಂದಿರಲಿಲ್ಲ. ಹಿರಿಯವನು ಗಾಡಿಯ ಬಾಗಿಲು ಹಾಕಿದ. ಆಮೇಲೆ, ಕೂಸು ಇರೋ ಜಾಗ ತೋರಿಸ್ರಿ ಎಂದ.

ಸಂಜೆ ಗಾಡಿ ಖಾಲಿಯಾಗಿಯೇ ಘಟ್ಟ ಹತ್ತಿತು.