ಅರ್ಧ ಕಪ್ ಚಹಾದ ಕುಲಗೋತ್ರ

ನಮ್ಮ ನಾಶಿಕದ ಮನೆಯ ಚಹಾದ ಪಾತ್ರೆ ಎಷ್ಟು ಕಪ್ಪಾಗಿದೆಯೆಂದರೆ, ಅದರಲ್ಲಿ ಬರೀ ನೀರು ಕಾಯಿಸಿದರೂ ಮುಕ್ಕಾಲು ಚಹಾ ಆಗಿಬಿಡುತ್ತದೆ. ಮಿತ್ರರೇ, ಅಂಥ ಪುಣ್ಯಪಾತ್ರೆಯ ಎದುರಿಗೇ ನಿಂತು, ನನ್ನ ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿಯುವವರೆಗೆ ನನಗೆ ಚಹಾ ಬಂದ್ ಎಂದು ಅವ್ವ ಸಾರಿದಳು. ಗ್ರಹಣ ಹಿಡಿದಿದ್ದರೂ ಇಷ್ಟು ಕತ್ತಲಾಗುತ್ತಿರಲಿಲ್ಲ.

ಕಾರಣ, ಸಂಭಾಜಿನಗರದ ಕಾಕಾ ಕಳಿಸಿದ ವಾಟ್ಸಾಪ್ ಸಂದೇಶ: ಚಹಾದಿಂದ ನೆನಪಿನ ಶಕ್ತಿ ಕರಗುತ್ತದೆಂದು ವಿಜ್ಞಾನಿಗಳು ಸಾಬೀತು ಮಾಡಿದ್ದಾರಂತೆ. ಕಾಕಾಗೆ ಫೋನ್ ಹಚ್ಚಿದೆ.

"ಚಿಕಲಠಾಣಾ ಫ್ಯಾಕ್ಟರಿದಾಗ ನಮ್ಮ ಶಿಫ್ಟಿನವ ಕಳಿಸ್ಯಾನೋ. ಅವನ ನಾದಿನಿ ದವಾಖಾನಿದಾಗ ಅದಾಳ!"

"ಡಾಕ್ಟರೇನ್ರಿ ಕಾಕಾ?"

"ಬಾಗಲದಾಗ ಚೀಟಿ ಕೊಡ್ತಾಳ. ಆದ್ರ ಎಲ್ಲಾ ಗೊತ್ತದ ಆಕಿಗಿ."

ಗೋದಾವರಿಯ ಮೂಲಕ್ಕಾದರೆ ನಮ್ಮೂರಿಂದ ಬಸ್ಸಿದೆ. ಸುದ್ದಿಯ ಮೂಲಕ್ಕೆ ಬೆರಳೇ ಸವೆಯಬೇಕು. ಸಂದೇಶದಿಂದ ಪತ್ರಿಕೆಯ ಅಂಕಣಕ್ಕೆ, ಅಂಕಣದಿಂದ ವಿಶ್ವವಿದ್ಯಾಲಯದ ಪತ್ರಿಕಾ ಪ್ರಕಟಣೆಗೆ, ಪ್ರಕಟಣೆಯಿಂದ ಮೂಲ ಸಂಶೋಧನಾ ಪ್ರಬಂಧಕ್ಕೆ ಹತ್ತಿಹೋದರೆ, ಅಲ್ಲಿ ಚಹಾ ಕುಡಿದವರು ಇಲಿಗಳು! ಅವೂ ಕುಡಿದದ್ದು ಹಾಲು-ಸಕ್ಕರೆಯ ಚಹಾವಲ್ಲ, ಚಹಾಸೊಪ್ಪಿನ ಗಟ್ಟಿ ಸಾರ. 'ಮನುಷ್ಯರ ವಿಷಯ ಈಗಲೇ ಹೇಳಲಾಗದು' ಎಂದು ಸಂಶೋಧಕರೇ ಬರೆದಿದ್ದರು. ಆ ಅಳುಕಿನ ಮಾತು ಹರಿಯುತ್ತ ಹರಿಯುತ್ತ ಕಾಕಾನ ಬಳಿ ಬರುವಷ್ಟರಲ್ಲಿ ಮೀಸೆ ಬೆಳೆಸಿಕೊಂಡಿತ್ತು.

"ಇಂಗ್ಲಿಷ್ ತೋರಿಸಿ ನನಗ ಮಳ್ಳ ಮಾಡಬ್ಯಾಡ," ಎಂದಳು ಅವ್ವ.

ಆಗ ಅವಳದೇ ಪಾಂಡಿತ್ಯವನ್ನು ಅವಳ ಮೇಲೆ ಪ್ರಯೋಗಿಸಿದೆ. ಅಕ್ಕನಿಗೆ ಕಲಬುರಗಿಯಲ್ಲಿ ವರ ನೋಡುವಾಗ, ಮಧ್ಯಸ್ಥ ಹೊಗಳಿದ್ದಕ್ಕೆಲ್ಲ ತಲೆಯಾಡಿಸಿದ ಅವ್ವ, ಮರುದಿನವೇ ಹುಡುಗನ ಓಣಿಗೆ ಗುಪ್ತವಾಗಿ ಸೋದರಮಾವನನ್ನು ಅಟ್ಟಿದ್ದಳು.

"ಅವ್ವಾ, ಕಾಕಾನ ಮೆಸೇಜು ಮಧ್ಯಸ್ಥನ ಮಾತು. ಮೂಲ ಪ್ರಬಂಧ ಅಂದ್ರ ಹುಡುಗನ ಮನೀಗೇ ಹೋಗಿ ನೋಡಿದಂಗ. ಭಾಳ ಮಂದಿ ಮಾಡಿದ ಪ್ರಯೋಗ ಕೂಡಿಸಿ ತೂಗಿದ್ರ, ಇಡೀ ಓಣಿಗಿ ಕೇಳಿದಂಗ!"

ಅವ್ವನ ಕೈ ಚಹಾಪುಡಿಯ ಡಬ್ಬಿಯತ್ತ ಸರಿಯಿತು. ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು. ಆದರೆ ಗೆಲ್ಲುವಾಗ ಬಾಯಿ ಮುಚ್ಚುವ ವಿದ್ಯೆ ನನ್ನ ಪಠ್ಯದಲ್ಲಿಲ್ಲ.

"ಚಾದಿಂದ ಬುದ್ಧಿ ಚುರುಕಾಗ್ತದ ಅಂತನೂ ಸಂಶೋಧನಾ ಅದವ್ವಾ, ನೋಡು!"

"ಹೌದಾ? ಇದಕ್ಕ ರೊಕ್ಕಾ ಯಾರ್ ಹಾಕ್ಯಾರ?"

ಪ್ರಬಂಧದ ಕೊನೆಗೆ ಸರಿಸಿ ನೋಡಿದೆ. ಚಹಾ ಮಾರುವವರೇ ಹಾಕಿದ್ದರು.

"ಹುಡುಗನ ಅವ್ವಗ ಕೇಳಿದ್ರ, ಹುಡುಗ ಬಂಗಾರನೇ ಇರ್ತಾನಪ್ಪಾ," ಎಂದು ಅವ್ವ ಪಾತ್ರೆಗೆ ನೀರು ಸುರಿದಳು. "ಓಣಿ ಏನಂತದ ಕೇಳ್ಕೊಂಡು ಬಾ. ಅಲ್ಲೀತನಕ ಅರ್ಧಾ ಕಪ್."

ಹೀಗಾಗಿ ಆ ಅರ್ಧ ಕಪ್ಪಿನ ಬಲದ ಮೇಲೆ, ಲೋಕದ ಚಹಾ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ತೂಗುವ ವಿಮರ್ಶಾ ಲೇಖನಗಳನ್ನು ಓದುತ್ತಿದ್ದೇನೆ. ಪರೀಕ್ಷೆಯ ಓದು ಪೂರ್ತಿ ನಿಂತಿದೆ. ಕಾಕಾ ಇದನ್ನೂ ಚಹಾದ ದುಷ್ಪರಿಣಾಮವೆಂದು ಬರೆದುಕೊಳ್ಳಬಹುದು. ಈ ಸಲ ಸುದ್ದಿಯ ಮೂಲ ಗಟ್ಟಿಯಾಗಿದೆ: ನಾನೇ.