ಬೆಳಗಾವಿ ಲೈನಿನ ದನಿ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹುಬ್ಬಳ್ಳಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ವಯಸ್ಸು ಇಪ್ಪತ್ತೆರಡು. ಕೇಶ್ವಾಪುರದಲ್ಲಿ ಅಣ್ಣ-ಅತ್ತಿಗೆಯ ಮನೆಯಲ್ಲಿದ್ದೆ; ಅತ್ತಿಗೆಗೆ ನಾನು ವೈನಿ ಅನ್ನುತ್ತಿದ್ದೆ. ಕೆಲಸಕ್ಕೆ ಸೇರುವ ಎರಡು ತಿಂಗಳ ಮೊದಲು ಅಪ್ಪ ತೀರಿಕೊಂಡಿದ್ದರು. ಅವರು ತಂದ ಸಂಬಂಧವನ್ನು ನಾನು ಒಲ್ಲೆ ಅಂದಿದ್ದೆ. ಅದಾದ ಒಂಬತ್ತನೇ ದಿನ ಎದೆನೋವು ಬಂದು ಹೋದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಆಗ ಅನಿಸುತ್ತಿತ್ತು.

ಊರಿಂದೂರಿಗೆ ಟ್ರಂಕ್ ಕಾಲ್ ಜೋಡಿಸುವುದು ನನ್ನ ಕೆಲಸ. ಮಧ್ಯಾಹ್ನದ ಹೊತ್ತು ಬೆಳಗಾವಿ ಕಡೆಯಿಂದ ಮಾತಾಡುತ್ತಿದ್ದ ಆಪರೇಟರನ ದನಿ ಬಹಳ ತಗ್ಗಿನದು. "ಹುಬ್ಬಳ್ಳಿ, ಅದೀರೇನ್ರಿ?" ಅನ್ನುತ್ತಿದ್ದ. ಅಷ್ಟೇ. ಅವನ ಮುಖ ನೋಡಿರಲಿಲ್ಲ, ಹೆಸರು ಕೇಳಿರಲಿಲ್ಲ. ಆದರೂ ಗಡಿಯಾರ ಹನ್ನೆರಡು ಹೊಡೆದರೆ ಬೆಳಗಾವಿ ಲೈನಿನ ದೀಪವನ್ನೇ ನೋಡುತ್ತ ಕೂಡುತ್ತಿದ್ದೆ.

ಆ ದನಿಗೆ ನಾನೇ ಒಂದು ಮೈ ಕೊಟ್ಟೆ. ನೋಟುಬುಕ್ಕಿನಲ್ಲಿ ಕಥೆ ಬರೆಯಲು ಶುರುಮಾಡಿದೆ. ಸೂರ್ಯ ಹುಟ್ಟದ ಒಂದು ನಾಡು. ಅದರ ಅರಸ ತಂತಿಯೊಳಗಿನಿಂದ ಒಬ್ಬ ಹೆಣ್ಣನ್ನು ಕರೆಯುತ್ತಾನೆ. ಅವಳ ಕೈಯಿಂದ ಒಂದು ಜೀವ ಹೋಗಿದೆಯೆಂದು ಅವನೊಬ್ಬನಿಗೇ ಗೊತ್ತು. ಯಾರಿಗೂ ಹೇಳುವುದಿಲ್ಲ ಅನ್ನುತ್ತಾನೆ. ಆದರೆ ಪ್ರತಿ ಸಲ ಬಂದಾಗ ಅವಳು ಏನಾದರೊಂದನ್ನು ಬಿಟ್ಟುಕೊಡಬೇಕು. ಮೊದಲು ನೆರಳು ಕೊಟ್ಟಳು, ಆಮೇಲೆ ನಗು. ಆಮೇಲೆ ಅವನು ಹಸಿವೆ ಕೇಳಿದ.

ಅದನ್ನು ಬರೆದ ಮರುದಿನದಿಂದ ನಾನು ಡಬ್ಬಿಯ ಊಟ ಬಿಟ್ಟೆ. ವೈನಿ ನಸುಕಿನಲ್ಲೆದ್ದು ಬಡಿದ ರೊಟ್ಟಿಯನ್ನು ಆಫೀಸಿನ ಹಿಂದಿನ ಓಣಿಯ ಆಕಳಿಗೆ ಹಾಕಿ, ಡಬ್ಬಿ ತೊಳೆದು ಒಯ್ಯುತ್ತಿದ್ದೆ. ವೈನಿ ಮುಚ್ಚಳ ತೆಗೆದು ನೋಡಿ, "ಛಲೋ ಆತವಾ, ಎಲ್ಲಾ ಉಂಡೀ," ಅನ್ನುವರು. ಸುಳ್ಳು ಹೇಳುವಾಗ ಭಯವಾಗುತ್ತಿತ್ತು. ಉಣ್ಣಬೇಕಾಗಿ ಬಂದರೆ ಅದಕ್ಕಿಂತ ಹೆಚ್ಚು ಭಯ. ಮೂರು ತಿಂಗಳಲ್ಲಿ ಬಳೆಗಳು ಮೊಣಕೈವರೆಗೆ ಸರಿಯತೊಡಗಿದವು. ಅದು ಕಾಣಬಾರದೆಂದು ಉದ್ದ ತೋಳಿನ ಪೋಲಕ ಹೊಲಿಸಿಕೊಂಡೆ.

ಒಂದು ದಿನ ಎದುರಿನ ಟೆಲಿಫೋನ್ ಬೋರ್ಡು ತೇಲಾಡಿದಂತಾಗಿ ಕುರ್ಚಿಯಿಂದ ಬಿದ್ದೆ. ಪಕ್ಕದಲ್ಲಿ ಕೂಡುತ್ತಿದ್ದವರು ನಲವತ್ತು ದಾಟಿದ ಒಬ್ಬ ವಿಧವೆ. ನಾವೆಲ್ಲ ಅವರನ್ನು ಅಕ್ಕಾರು ಅನ್ನುತ್ತಿದ್ದೆವು. ನನ್ನನ್ನು ಎಬ್ಬಿಸಿ ಸಕ್ಕರೆ ನೀರು ಕುಡಿಸಿದರು. ಕರವಸ್ತ್ರಕ್ಕೆಂದು ನನ್ನ ಚೀಲ ತೆಗೆದಾಗ ನೋಟುಬುಕ್ಕು ಕೈಗೆ ಬಂತು.

"ಇದನ್ನ ಓದ್ಲೇನು?" ಅಂದರು. ಬೇಡ ಅನ್ನಲು ನನ್ನಲ್ಲಿ ತ್ರಾಣವಿರಲಿಲ್ಲ.

ಅವರು ಅದನ್ನು ಮನೆಗೆ ಒಯ್ದು ಎರಡು ದಿನ ಇಟ್ಟುಕೊಂಡರು. ಮೇಲಿನವರಿಗೆ ತೋರಿಸಿದರೇ, ಅಣ್ಣನಿಗೆ ಹೇಳಿ ಕಳಿಸಿದರೇ ಎಂದು ನಾನು ಪ್ರತಿ ಹೆಜ್ಜೆ ಸಪ್ಪಳಕ್ಕೂ ಬೆಚ್ಚುತ್ತಿದ್ದೆ. ಮೂರನೇ ದಿನ ಊಟದ ಬಿಡುವಿನಲ್ಲಿ ಅದನ್ನು ನನ್ನ ತೊಡೆಯ ಮೇಲಿಟ್ಟರು.

"ಛಂದ ಬರದೀ. ಆದ್ರ ಒಂದ್ ಮಾತು ಕೇಳ್ತೇನಿ. ಇಂವಾ ಈಕಿನ್ನ ಪ್ರೀತಿ ಮಾಡ್ತಾನಂತ ಎಲ್ಲಿ ಬರದೀ? ನಾ ಎರಡು ಸಲ ಹುಡುಕಿದೆ. ಸಿಗಲಿಲ್ಲ."

ನಾನು ಪುಟ ತಿರುವಿದೆ. ಅವನು ಕರೆದದ್ದಿತ್ತು, ಕಾದದ್ದಿತ್ತು, ಕೇಳಿ ಪಡೆದದ್ದಿತ್ತು. ಆ ಒಂದು ಮಾತು ಎಲ್ಲಿಯೂ ಇರಲಿಲ್ಲ. ಪ್ರೀತಿಯ ಕಥೆ ಅಂತಲೇ ತಿಳಿದು ಬರೆಯುತ್ತಿದ್ದೆ.

"ಜೀವ ಹೋತು ಅಂತ ಬರದೀಯಲ್ಲಾ, ಯಾರದು?"

"ನಮ್ಮಪ್ಪಂದ್ರಿ." ನಡೆದದ್ದನ್ನೆಲ್ಲ ಹೇಳಿದೆ.

"ಅವರಿಗೆ ಮೊದಲ ಎದಿಬ್ಯಾನಿ ಇತ್ತೇನು?"

"ಇತ್ರಿ. ನಾಕು ವರ್ಷದಿಂದ."

"ಅದನ್ಯಾಕ ಬರೀಲಿಲ್ಲ ಮತ್ತ?"

ನಾನು ನೋಟುಬುಕ್ಕು ಮುಚ್ಚಿದೆ. ಅವರು ತಮ್ಮ ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟರು. ಎರಡು ತುತ್ತು ನುಂಗಿದೆ, ಅದೂ ವಾಂತಿಯಾಯಿತು.

"ಇರ್ಲಿ, ನಾಳೆ ಮತ್ತ ನೋಡೂಣು," ಅಂದರು. "ಆದ್ರ ಮನ್ಯಾಗ ನೀನ ಹೇಳಬೇಕು. ನಾ ಹೇಳೂದಿಲ್ಲ."

ಹೇಳಲು ಒಂದು ವಾರ ಹಿಡಿಯಿತು. ಹೇಳಿದಾಗ ವೈನಿ ಅಕ್ಕಿ ಆರಿಸುತ್ತಿದ್ದರು. "ಆಕಳಿಗೆ ಹಾಕತಿದ್ದಿ?" ಎಂದು ಕೇಳಿ ಮೊರ ಎತ್ತಿಕೊಂಡು ಒಳಗೆ ಹೋದರು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಟಾಂಗಾ ತರಿಸಿ, ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಎಷ್ಟು ದಿನದಿಂದ ಹೀಗೆ ಎಂದು ಡಾಕ್ಟರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ವೈನಿ, "ನನಗ ಗೊತ್ತಾಗಬೇಕಿತ್ರಿ," ಅಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಆ ದನಿ ಬರುವ ಹೊತ್ತು ತಪ್ಪಲೆಂದು, ನನಗೆ ಬೆಳಗಿನ ಪಾಳಿ ಸಿಗುವಂತೆ ಅಕ್ಕಾರು ಓಡಾಡಿದರು. ಬೆಳಗಾವಿಯ ಆ ಮನುಷ್ಯನಿಗೆ ಇದ್ಯಾವುದೂ ಗೊತ್ತೇ ಆಗಲಿಲ್ಲ, ಪಾಪ. ಸರಿಯಾಗಿ ಉಣ್ಣುವಂತಾಗಲು ನನಗೆ ಒಂದು ವರ್ಷದ ಮೇಲೆ ಬೇಕಾಯಿತು. ನಡುವೆ ಎಷ್ಟೋ ದಿನ ಮತ್ತೆ ಹಿಂದಕ್ಕೆ ಜಾರಿದೆ. ಅಂಥ ದಿನ ವೈನಿ ಇಬ್ಬರಿಗೂ ಬಡಿಸುವರು. ತಮ್ಮ ತಾಟನ್ನು ತಂದು ನನ್ನ ಎದುರಿಗೆ ಕೂಡುವರು, ನಾನು ಮೊದಲ ತುತ್ತು ಎತ್ತುವವರೆಗೂ ತಾವೂ ಉಣ್ಣುತ್ತಿರಲಿಲ್ಲ.